ಬೂದು ಕೋಟಿನ ಗುಂಡಿಗಳು

ಬೂದು ಕೋಟು ಹಾಕಿಕೊಂಡು ನಿಂತರೆ ತಾನು ಗೋಡೆಯಲ್ಲೇ ಕರಗಿಹೋಗುತ್ತೇನೇನೋ ಎಂಬುದು ಅವಳ ಒಳಗಿನ ಅಳುಕು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ.

ಗಿರಣಿಯಲ್ಲಿ ಬಟ್ಟೆಯ ಬಿಳುಪು ಪರೀಕ್ಷಿಸುವ ಆ ಕೋಣೆಯಲ್ಲಿ ಗೋಡೆ ಬೂದು, ಮೇಜು ಬೂದು. ಹತ್ತಿರ ಬೇರೆ ಬಣ್ಣ ಸುಳಿದರೆ ಸಾಕು, ಬಿಳಿ ಅದನ್ನು ಕದ್ದುಬಿಡುತ್ತದೆ. ಅದಕ್ಕೇ ಕೋಟಿನ ಗುಂಡಿ ಕತ್ತಿನವರೆಗೂ ಹಾಕಿರಬೇಕು. ಯಂತ್ರ ಅಂಕಿ ಕೊಡುತ್ತದೆ. ಕೊನೆಯ ಮಾತು ಅವಳ ಕಣ್ಣಿನದು.

ಬ್ಲೀಚಿಂಗ್ ವಿಭಾಗದವನು ದಿನಾ ಮಧ್ಯಾಹ್ನ ಒಂದು ತುಂಡು ಬಟ್ಟೆ ಹಿಡಿದು ಬರುತ್ತಿದ್ದ.

"ಇವತ್ತಾದ್ರೂ ಪಾಸ್ ಮಾಡ್ತೀರಾ, ಜಡ್ಜಮ್ಮ?"

"ನೋಡ್ಬೇಕು."

ಅಷ್ಟೇ. ಅವನು ಹೋದ ಮೇಲೆ ಆಡಬಹುದಿದ್ದ ಮಾತುಗಳೆಲ್ಲ ಸಾಲುಗಟ್ಟಿ ಬರುತ್ತಿದ್ದವು. ಸಂಜೆ ಬಾಡಿಗೆ ಕೋಣೆಯಲ್ಲಿ ತನ್ನ ಒಂದೇ ತಟ್ಟೆ ತೊಳೆಯುತ್ತ ಅವನ್ನು ನಲ್ಲಿಗೆ ಹೇಳುತ್ತಿದ್ದಳು.

ಮೊನ್ನೆ ಗುಲಾಬಿ ಸ್ವೆಟರ್ ಹಾಕಿಕೊಂಡು ಹೋದಳು. ಅವನು ಒಳಗೆ ಬರುವ ಹೊತ್ತಿಗೆ ಕೋಟಿನ ಗುಂಡಿಗಳು, ತಮ್ಮಷ್ಟಕ್ಕೆ ತಾವೇ ಎಂಬಂತೆ, ಬಿಚ್ಚಿಕೊಂಡಿದ್ದವು. ಅವನು ನೋಡಿದ. ನೋಡಿ, ತಂದಿದ್ದ ತಮಾಷೆ ಮರೆತು ಕಿವಿ ಕೆರೆದುಕೊಂಡ.

ಆ ಸಂಭ್ರಮದಲ್ಲೇ ಅವಳು ದೀಪದ ಕೆಳಗೆ ಬಾಗಿದಳು. ಬಟ್ಟೆಯಲ್ಲೊಂದು ಕೆಂಪು ಛಾಯೆ.

"ಫೇಲ್."

"ಯಂತ್ರ ಸರಿ ಇದೆ ಅಂತಿದೆಯಲ್ಲ?"

"ಕಣ್ಣಿಗೆ ಕೆಂಪಗಿದೆ."

ಇವತ್ತು ಬೆಳಿಗ್ಗೆ ಲ್ಯಾಬಿನ ಹಿರಿಯಕ್ಕ ಟೀ ಕಲಕುತ್ತ ಹೇಳಿದಳು: "ನಿನ್ನ ಗಿರಾಕಿನ ಊರಾಚೆ ಗೋದಾಮಿಗೆ ಹಾಕ್ತಾರಂತೆ ಕಣೇ. ಇಡೀ ಲಾಟ್ ಕೆಡಿಸಿದ ಅಂತ ಮ್ಯಾನೇಜರ್ ಕೆಂಡ ಆಗಿದಾರೆ. ಇನ್ನು ಇತ್ತ ತಲೆ ಹಾಕಲ್ಲ ಬಿಡು."

ಅವಳು ಟೀ ಹಾಗೇ ಬಿಟ್ಟು ಎದ್ದಳು. ಮೊನ್ನೆ ಫೇಲ್ ಮಾಡಿದ್ದ ಅದೇ ತುಂಡನ್ನು ತಂದು ದೀಪದ ಕೆಳಗೆ ಹರಡಿದಳು. ಕೆಂಪಿನ ಸುಳಿವೇ ಇಲ್ಲ. ಕೈ ತಾನಾಗಿ ಕತ್ತಿನ ಗುಂಡಿಗೆ ಹೋಯಿತು. ಒಳಗೆ ಇವತ್ತೂ ಅದೇ ಸ್ವೆಟರ್. ಒಂದೊಂದೇ ಗುಂಡಿ ಬಿಚ್ಚಿದಂತೆ ಬಟ್ಟೆ ನಾಚಿಕೊಂಡವರ ಹಾಗೆ ಕೆಂಪಾಯಿತು.

ತುಂಡನ್ನು ಎದೆಗವಚಿಕೊಂಡು ಬ್ಲೀಚಿಂಗ್ ಶೆಡ್ಡಿಗೆ ನಡೆದಳು. ಆವಿಯ ನಡುವೆ ಅವನು ತಲೆ ತಗ್ಗಿಸಿ ನಿಂತಿದ್ದ, ಎದುರಿಗೆ ಮ್ಯಾನೇಜರ್.

"ಏನಮ್ಮ, ಮತ್ತೇನು ತಪ್ಪು ಸಿಕ್ತು?"

ಯಂತ್ರಗಳ ಗದ್ದಲದಲ್ಲಿ ಅವಳ ಮೊದಲ ಮಾತು ಅವಳಿಗೇ ಕೇಳಿಸಲಿಲ್ಲ. ಮ್ಯಾನೇಜರ್ ಕಿವಿಗೆ ಕೈ ಹಿಡಿದರು. ಅವನು ತಲೆ ಎತ್ತಿದ.

ಈ ಸಲ ಶೆಡ್ಡಿಗೆಲ್ಲ ಕೇಳುವಂತೆ ಹೇಳಿದಳು: "ಬಟ್ಟೆ ಸರಿಯಾಗೇ ಇದೆ ಸರ್. ಕೆಂಪು ನನ್ನ ಸ್ವೆಟರಿಂದು. ಇವರು ನನ್ನನ್ನ ನೋಡ್ಲಿ ಅಂತ ಕೋಟಿನ ಗುಂಡಿ ಬಿಚ್ಚಿಟ್ಟಿದ್ದೆ."