ಸ್ಟರ್ಲಿಂಗ್ ಹೈಟ್ಸ್ ಮನೆಯ ಹೊಸ್ತಿಲು

"ಆ ಹೊಸ್ತಿಲು ದಾಟಿ ಒಳಗೆ ಹೋಗ್ಬೇಡಿ. ಕೆಳಗೆ ದೇವಮ್ಮ ಏನೋ ಹೂತಿದಾಳೆ. ನಾನೇ ನೋಡ್ದೆ," ಎಂದರು ಪಕ್ಕದ ಮನೆಯ ಭಾನು ಆಂಟಿ.

ಟ್ರಕ್ಕಿನಿಂದ ಸೋಫಾ ಇಳಿಸುತ್ತಿದ್ದ ರಾಜಶೇಖರ್ ನಕ್ಕುಬಿಟ್ಟ. "ಕಾರಿನ ಬ್ರೇಕ್ ಟೆಸ್ಟ್ ಮಾಡೋನು ಆಂಟಿ ನಾನು. ನಿಂಬೆಹಣ್ಣಿಗೆ ಹೆದರ್ತೀನಾ?" ಹೆಂಡತಿ ವಿನಿತಾಳ ಕೈ ಹಿಡಿದು ಒಳಗೆ ನಡೆದ.

ಆ ಮನೆಯನ್ನು ಮಾಲೀಕ ಕಂತಿನ ಕರಾರಿನ ಮೇಲೆ ಮೊದಲು ಮಾರಿದ್ದು ದೇವಮ್ಮನಿಗೆ. ಅವಳು ಇಂಡಿಯಾಕ್ಕೆ ಹೋಗಿದ್ದಾಗ ಬೀಗ ಬದಲಿಸಿ ರಾಜಶೇಖರನಿಗೂ ಮಾರಿದ. ಇವನ ಕರಾರು ರಿಜಿಸ್ಟರ್ ಆಗಿತ್ತು, ಅವಳದು ಆಗಿರಲಿಲ್ಲ. ಕೋರ್ಟು ಇವನ ಪರ ನಿಂತಿತು. ಅಂದು ಕೋರ್ಟಿನ ಬಾಗಿಲಲ್ಲಿ ದೇವಮ್ಮ ಇವರ ಹತ್ತಿರ ಬಂದಳು. ವಿನಿತಾಳ ಕೋಟಿಗೆ ಅಂಟಿದ್ದ ಕೂದಲೆಳೆಯೊಂದನ್ನು ಮೆಲ್ಲಗೆ ಎತ್ತಿಕೊಂಡು ಹೋದಳು.

ಚಳಿಗಾಲ ಬಂತು. ಹೀಟರ್ ಹಾಕಿದರೆ ಸುಟ್ಟ ಕೂದಲಿನ ಕಮಟು. ಬೇಸ್‌ಮೆಂಟಿನ ಕತ್ತಲಲ್ಲಿ ಯಾರೋ ಉಗುರಿನಿಂದ ಕೆರೆದಂಥ ಸದ್ದು. ವಿನಿತಾ ಹೊರಗೆ ಹೋಗುವುದನ್ನೇ ಬಿಟ್ಟಳು.

"ಬಾಗಿಲ ಹತ್ರ ಹೋದ್ರೆ ಉಸಿರು ಕಟ್ಟತ್ತೆ ರೀ."

"ಚಳಿಗೆ ಹಾಗಾಗತ್ತೆ ಕಣೆ," ಎಂದ. ಈ ಸಲ ನಗು ಬರಲಿಲ್ಲ.

ಅಷ್ಟರಲ್ಲಿ ಮೂರನೆಯವನೊಬ್ಬ ಎದ್ದುಬಂದ. ಮಾಲೀಕನ ವಿರುದ್ಧ ಎಂದೋ ಕೇಸು ಗೆದ್ದು, ತನಗೆ ಬರಬೇಕಾದ ಹಣಕ್ಕೆ ಈ ಮನೆಯ ಮೇಲೆ ಬೋಜಾ, ಅಂದರೆ ಋಣಭಾರ, ಹಾಕಿಸಿದ್ದವನು. "ಅವರ ಹಕ್ಕು ನಿಮ್ಮದಕ್ಕಿಂತ ಹಳೇದು," ಎಂದು ರಾಜಶೇಖರನ ವಕೀಲ ಕೈಚೆಲ್ಲಿದ.

ಮನೆ ಬಿಡಿಸಲು ಕೋರ್ಟಿನವರು ಬಂದ ಮಧ್ಯಾಹ್ನ ಹಿಮ ಬೀಳುತ್ತಿತ್ತು. ರಾಜಶೇಖರನಿಗೆ ಒಳಗೊಳಗೇ ಸಮಾಧಾನ. ಮನೆ ಹಾಳಾಗಿ ಹೋಗಲಿ. "ಬಾ, ಹೋಗೋಣ."

ವಿನಿತಾ ಹೊಸ್ತಿಲಾಚೆ ಕಾಲಿಟ್ಟಳು. ಕುಸಿದಳು. ತುಟಿ ನೀಲಿಯಾಯಿತು. ಅವನು ಒಳಗೆಳೆದುಕೊಂಡ. ಉಸಿರು ಮರಳಿತು. ಎತ್ತಿಕೊಂಡು ಮತ್ತೆ ಹೊರಟ. ಮತ್ತೆ ನಿಂತಿತು. ಮತ್ತೆ ಒಳಗೆ.

ಕೋರ್ಟಿನವರು ಗಾಬರಿಯಾಗಿ ಆಂಬುಲೆನ್ಸ್ ಕರೆಸಿದರು. ಒಳ್ಳೆಯ ಜನ. ಅವಳನ್ನು ಸ್ಟ್ರೆಚರಿಗೆ ಕಟ್ಟಿದರು.

"ಬೇಡ! ಹೊರಗೆ ಒಯ್ಯಬೇಡಿ! ಸಾಯ್ತಾಳೆ!" ಅವನು ಕನ್ನಡದಲ್ಲೇ ಚೀರಿದ. ಯಾರಿಗೂ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಚೀರಿದ. ಅರ್ಥವಾಯಿತು, ಯಾರೂ ನಂಬಲಿಲ್ಲ. ಒಬ್ಬ ಅವನನ್ನು ಗೋಡೆಗೆ ಒತ್ತಿ ಹಿಡಿದ. ಸ್ಟ್ರೆಚರಿನ ಗಾಲಿಗಳು ಉರುಳಿದವು. ಬಾಗಿಲು. ಮೆಟ್ಟಿಲು. ಹಿಮ.

ಬಿಡಿಸಿಕೊಂಡು ಓಡಿಬಂದ. ಆ ಕೊರೆವ ಚಳಿಯಲ್ಲಿ ಎಲ್ಲರ ಬಾಯಿಂದಲೂ ಉಸಿರು ಹೊಗೆಯಾಗಿ ಏಳುತ್ತಿತ್ತು. ಅವಳ ಬಾಯಿಂದ ಏಳಲಿಲ್ಲ.

ಕೋರ್ಟಿನವನು ಬಾಗಿಲಿಗೆ ಹೊಸ ಬೀಗ ಜಡಿದ. ರಾಜಶೇಖರ್ ತಲೆಯೆತ್ತಿ ನೋಡಿದ. ಖಾಲಿ ಮನೆಯ ಕಿಟಕಿಯ ಗಾಜು, ಯಾರೋ ಮುಖವೊತ್ತಿ ಉಸಿರು ಬಿಡುತ್ತಿರುವಂತೆ, ಒಳಗಿನಿಂದ ಮಂಜಾಗುತ್ತಿತ್ತು.