ಟೆರೇಸಿನ ಬಾಗಿಲು

ಏಪ್ರಿಲ್ ೨೨, ಮಂಗಳವಾರ, ಬೆಳಿಗ್ಗೆ ೯.೪೦. ಶಿರಸಿಯ ಠಾಣೆಗೆ ಬಂದ ಕಮಲಾಕರ ಹೆಗಡೆ, ಯಲ್ಲಾಪುರ ರಸ್ತೆಯ ‘ಮಂದಾರ’ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳ ಮಾಲೀಕರ ಸಂಘದ ಕಾರ್ಯದರ್ಶಿ. ಸಂಘ ಬೀಗ ಹಾಕಿಟ್ಟಿದ್ದ ಟೆರೇಸಿನ ಫೈಬರ್ ಬಾಗಿಲು ಬೀಗಸಮೇತ ಕಳುವಾಗಿದೆ ಎಂಬುದು ಅವರ ದೂರು.

ಠಾಣೆಯ ಪಿ.ಎಸ್.ಐ., ಬನವಾಸಿ ಕಡೆಯವರಾದ ದಾಕ್ಷಾಯಿಣಿ, ದೂರನ್ನು ಎರಡು ಸಲ ಓದಿದರು.

“ಮೊದಲು ಮನಿಯವರ ಕೂಡ ಮಾತಾಡಿ ನೋಡ್ರಿ. ಎಫ್‌ಐಆರ್ ಆತಂದ್ರ ಸಿಕ್ಕ ಮಾಲು ಕೋರ್ಟಿನ ಸುಪರ್ದಿಗೆ ಹೋಗ್ತದ.”

“ಹೋಗ್ಲಿ ಮೇಡಂ. ಎಲ್ಲ ಕಾಯ್ದೆ ಪ್ರಕಾರವೇ ಆಗ್ಲಿ.”

೧೦.೧೫ಕ್ಕೆ ಎಫ್‌ಐಆರ್ ದಾಖಲಾಯಿತು. ೧೧ ಗಂಟೆಗೆ ಕಮಲಾಕರರ ಎದುರಿನಲ್ಲೇ ಸ್ಥಳ ಪಂಚನಾಮೆ. ಬಿಜಾಗರಿಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಹೊಸ್ತಿಲ ಮೂಲೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಕಳ್ಳರನ್ನು ದಾಕ್ಷಾಯಿಣಿ ಕಂಡಿರಲಿಲ್ಲ. ಚೌಕಟ್ಟಿಗೆ ತಗುಲಿದ ಅವರ ಬೆರಳು ಅಂಟಿಕೊಂಡಿತು. ನೀರಿನಲ್ಲಿ ತೊಳೆದರೂ ಅಂಟು ಬಿಡಲಿಲ್ಲ. ಉಮ್ಮಚಗಿಯ ಕಾನ್‌ಸ್ಟೇಬಲ್ ದಿನಕರ ಮೂಸಿ ನೋಡಿದ.

“ಹಲಸಿನ ಮೇಣ ಮೇಡಂ. ಕೊಬ್ಬರಿ ಎಣ್ಣೆ ಹಚ್ಚದೆ ಹೋಗುದಿಲ್ಲ.”

ಗೇಟಿನ ಕ್ಯಾಮೆರಾದಲ್ಲಿ ಬಾಗಿಲು ಹೊರಗೆ ಹೋದ ದೃಶ್ಯವಿರಲಿಲ್ಲ. ಹಾಗಾದರೆ ಅದು ಕಟ್ಟಡದೊಳಗೇ ಇದೆ. ತೆಗೆದವರ ಕೈಯಲ್ಲಿ ಮೇಣವಿದೆ. ಏಪ್ರಿಲ್ ತಿಂಗಳಲ್ಲಿ ಹಲಸಿನಕಾಯಿ ಕೊಯ್ದವರಿಗೆ ಬೇಕಾದದ್ದು ಒಂದೇ, ಬಿಸಿಲು. ದಾಕ್ಷಾಯಿಣಿ ನೇರವಾಗಿ ನೀರಿನ ಟಾಕಿಯ ಹಿಂಬದಿಗೆ ನಡೆದರು.

ನಾಲ್ಕು ಇಟ್ಟಿಗೆಗಳ ಮೇಲೆ ಬಾಗಿಲು ಮಲಗಿತ್ತು. ಅದರ ಮೇಲೆ ಹಳೆಯ ಸೀರೆ, ಸೀರೆಯ ಮೇಲೆ ಸಾಲುಸಾಲು ಹಲಸಿನ ಹಪ್ಪಳ. ಅಷ್ಟರಲ್ಲಿ ಮೂರನೇ ಮಹಡಿಯ ರಾಜೀವಿ, ಅರವತ್ತೆರಡರ ಗೃಹಿಣಿ, ಇನ್ನೊಂದು ತಟ್ಟೆ ಹಪ್ಪಳ ಹಿಡಿದು ಮೇಲೆ ಬಂದರು. ಪೊಲೀಸರನ್ನು ಕಂಡರೂ ತಟ್ಟೆ ಅಲುಗಲಿಲ್ಲ.

“ಬಾಗಿಲು ತೆಗೆದವರು ನೀವೇನ್ರೀ?”

“ಹೌದು, ನಾನೇ. ಟೆರೇಸಿನ ನೆಲದ ಮೇಲೆ ಏನೂ ಒಣಗಿಸಬಾರದು ಅಂತ ಸಂಘದ ನಿಯಮ. ನೆಲಕ್ಕೆ ಒಂದು ಹಪ್ಪಳವನ್ನೂ ತಾಗಿಸಲಿಲ್ಲ.” ಬಳಿಕ ಕಾರ್ಯದರ್ಶಿಯತ್ತ ತಿರುಗಿ, ಹವ್ಯಕರ ಮನೆಮಾತಿನಲ್ಲಿ, ತನಗೂ ಪಾಲಿದೆಯೆಂದು ನೆನಪಿಸಿದರು: “ಕಮಲಾಕರ, ಈ ಟೆರೇಸಲ್ಲಿ ಎಂಗೂ ಪಾಲಿದ್ದು.”

ದಿನಕರ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದ.

ಹೇಳಿಕೆ ಬರೆದುಕೊಳ್ಳುವಾಗ ಉಳಿದದ್ದೂ ಹೊರಬಂತು. ಬಿಸಿಲು ಬೀಳುವ ಟೆರೇಸು ನೋಡಿಯೇ ರಾಜೀವಿ ಆ ಮನೆ ಕೊಂಡಿದ್ದರು. ಕ್ರಯಪತ್ರದಲ್ಲಿ ಅದರ ಹನ್ನೆರಡನೇ ಒಂದು ಪಾಲು ಅವರದೆಂದು ಸ್ಪಷ್ಟವಾಗಿತ್ತು. ಕಳೆದ ವರ್ಷ ಅವರು ಊರಿನಲ್ಲಿಲ್ಲದಾಗ ಸಭೆ ನಿಯಮ ಮಾಡಿ ಬೀಗ ಜಡಿಯಿತು. ಆ ಸಲ ಫ್ಯಾನಿನ ಗಾಳಿಗೆ ಹರಡಿದ ಮುನ್ನೂರು ಹಪ್ಪಳಕ್ಕೂ ಬೂಸಲು ಹಿಡಿಯಿತು. ಈ ಸಲ ಅರ್ಜಿ ಕೊಟ್ಟರೆ ಸಂಘದವರು ಮುಂದಿನ ಸಭೆಗೆ ಬನ್ನಿ ಎಂದರು. ಸಭೆ ಇರುವುದು ಜುಲೈಯಲ್ಲಿ. ಶಿರಸಿಯ ಜುಲೈಯಲ್ಲಿ ಬಿಸಿಲೆಲ್ಲಿ?

೧೨.೩೦ಕ್ಕೆ, ಬಂಧನದ ಬದಲಾಗಿ, ವಿಚಾರಣೆಗೆ ಹಾಜರಾಗುವ ನೋಟಿಸನ್ನು ರಾಜೀವಿಗೆ ಕೊಡಲಾಯಿತು. ಅವರು ಕೈಯ ಮೇಣ ಒರೆಸಿಕೊಂಡು ಸಹಿ ಮಾಡಿದರು. ಹಪ್ಪಳದ ಹೆಸರು ದೂರಿನಲ್ಲಿ ಇಲ್ಲದ್ದರಿಂದ ಬಾಗಿಲೊಂದೇ ಜಪ್ತಿಯಾಯಿತು. ಇವತ್ತೇ ಅದನ್ನು ಕೂರಿಸಿ ಬೀಗ ಹಾಕಿಸುತ್ತೇನೆಂದು ಕಮಲಾಕರ ಮುಂದೆ ಬಂದರು.

“ಕೋರ್ಟಿನ ಆದೇಶ ಬರೂತನಕ ಕೊಡಾಕ ಬರೂದಿಲ್ರಿ,” ಎಂದರು ದಾಕ್ಷಾಯಿಣಿ. “ಎಲ್ಲ ಕಾಯ್ದೆ ಪ್ರಕಾರ ಆಗ್ಲಿ ಅಂದ್ರಲ್ಲ.”

“ಎಷ್ಟು ದಿನ ಹಿಡಿಯುತ್ತೆ?”

“ಮಳಿ ಹಿಡಿಯೂದ್ರೊಳಗ ಸಿಗಬಹುದು.”

ಮರುದಿನ ೧೧.೨೦ಕ್ಕೆ ನೆರೆಮನೆಯವರ ಹೇಳಿಕೆಗೆಂದು ಹೋದ ದಿನಕರ ಟೆರೇಸಿಗೂ ಹತ್ತಿ ಬಂದ. ಬಾಗಿಲಿಲ್ಲದ ಚೌಕಟ್ಟಿನಾಚೆ ಐದು ಮನೆಗಳ ಹಪ್ಪಳ ಒಣಗುತ್ತಿದ್ದವಂತೆ. ಎಲ್ಲಕ್ಕಿಂತ ದೊಡ್ಡ ಚಾಪೆಯನ್ನು ಬಿಸಿಲಿನತ್ತ ಎಳೆಯುತ್ತಿದ್ದವರು ಮಧುರಾ, ಕಾರ್ಯದರ್ಶಿಯ ಹೆಂಡತಿ.