ಪೋರ್ಟೊ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆ

ಅಕ್ಟೋಬರ್ ೧೨, ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅಮೆರಿಕಾದ ಇಲಿನಾಯ್ ರಾಜ್ಯದ ಬೋಲಿಂಗ್‌ಬ್ರೂಕ್ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಇಬ್ಬರು ಬಂದರು. ಹೆಂಡತಿಯ ಹೆಸರು ದೀಪ್ತಿ, ಗಂಡ ಈರೇಶ್. ಹಿಂದಿನ ಸಂಜೆ ಮನೆಯಲ್ಲಿ ನೆಂಟರಿಷ್ಟರು ಸೇರಿದ್ದಾಗ ಕ್ಯಾಮೆರಾ ಕಳುವಾಗಿದೆ ಎಂಬುದು ಅವರ ದೂರು. ಕೌಂಟರಿನಲ್ಲಿದ್ದ ಆಫೀಸರ್ ಮೊರಾಲೆಸ್ ಎಂಬ ಮಹಿಳೆ ಯಾವ ಮಾಡೆಲ್, ಯಾವ ಬಣ್ಣ ಎಂದು ಒಂದೊಂದಾಗಿ ಕೇಳಿ ಟೈಪ್ ಮಾಡುತ್ತಿದ್ದಳು. ಬೆಲೆ ಎಷ್ಟು ಎಂಬ ಪ್ರಶ್ನೆ ಬಂದಾಗ ದೀಪ್ತಿ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹೇಳಿಕೊಂಡು ಅಳತೊಡಗಿದಳು.

ಒಳಗಿನ ಕೋಣೆಯಲ್ಲಿದ್ದ ಡಿಟೆಕ್ಟಿವ್ ನಿರಂಜನ್ ಆ ಮಾತು ಕೇಳಿ ಎದ್ದು ಬಂದ. ಅವನು ಹುಟ್ಟಿದ್ದು ಪಕ್ಕದ ಊರು ನೇಪರ್‌ವಿಲ್‌ನಲ್ಲಿ. ತಂದೆ ತಾಯಿ ಮೈಸೂರಿನವರು. ಅವನ ಕನ್ನಡ ಮನೆಯೊಳಗಿನ ಕನ್ನಡ. ಅಮ್ಮನ ಹತ್ತಿರ ಊಟ ಕೇಳುವಷ್ಟು, ಅಪ್ಪನ ಹತ್ತಿರ ವಾದ ಮಾಡುವಷ್ಟು ಅವನಿಗೆ ಬರುತ್ತಿತ್ತು.

"ಬನ್ನಿ, ಒಳಗೆ ಕೂತ್ಕೊಳ್ಳಿ," ಎಂದ. "ಏನಾಯ್ತು, ನಿಧಾನಕ್ಕೆ ಹೇಳಿ."

"ಕ್ಯಾಮೆರಾ ಹೋದ್ರ ಹೋಗ್ಲಿ ಸರ್," ಎಂದಳು ದೀಪ್ತಿ. "ಅದರಾಗ ನಮ್ಮವ್ವ ಅದಾಳ."

ಅವಳ ತಾಯಿ ಕಮಲವ್ವ ಹುಬ್ಬಳ್ಳಿಯಿಂದ ಬಂದು ಬೇಸಿಗೆಯೆಲ್ಲ ಮಗಳ ಮನೆಯಲ್ಲಿದ್ದರು. ಮನೆಯಿಂದ ಹೊರಗೆ ಹೆಜ್ಜೆ ಇಟ್ಟರೆ ಹುಲ್ಲು, ಅದರಾಚೆ ರಸ್ತೆ, ರಸ್ತೆಯಲ್ಲಿ ಕಾರು. "ಅಮೆರಿಕಾನ್ನ ಕಾರಿನ ಕಿಟಕ್ಯಾಗ ನೋಡೇನಿ. ಹೋಗೂದ್ರಾಗ ಕಾಲಿಲೆ ನೋಡೂ ಊರು ಒಂದರ ತೋರ್ಸು," ಎಂದು ಮಗಳನ್ನು ಪೀಡಿಸಿದ್ದರು. ಆಗಸ್ಟ್ ಕೊನೆಯಲ್ಲಿ ಊರಿಗೆ ಮರಳುವಾಗ ದೀಪ್ತಿ ಅವರನ್ನು ಪೋರ್ಚುಗಲ್ಲಿನ ಪೋರ್ಟೊ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಮೂರು ದಿನ ನಡೆಸಿದಳು. ನೀಲಿ ಹೆಂಚಿನ ಚಿತ್ರಗಳಿರುವ ರೈಲು ನಿಲ್ದಾಣ, ನದಿಯ ಮೇಲಿನ ಎತ್ತರದ ಕಬ್ಬಿಣದ ಸೇತುವೆ, ಬಟ್ಟೆ ಒಣಹಾಕಿದ ಓಣಿಗಳು. ಎಪ್ಪತ್ತೊಂದರ ಕಮಲವ್ವ ಇಳಕಲ್ ಸೀರೆ ಉಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಎಲ್ಲ ಕಡೆ ಹತ್ತಿ ಇಳಿದರು. ಹುಬ್ಬಳ್ಳಿ ಮುಟ್ಟಿದ ಮರುವಾರ ಹೃದಯಾಘಾತದಿಂದ ತೀರಿಕೊಂಡರು.

"ಕಾಪಿ ಮಾಡಿ ಇಟ್ಕೊಂಡಿರ್ಲಿಲ್ವಾ?" ನಿರಂಜನ್ ಕೇಳಿದ.

"ತೆಗದು ನೋಡಾಕ ಧೈರ್ಯ ಆಗಿರ್ಲಿಲ್ಲ ಸರ್. ನಿನ್ನೆ ಅವ್ವನ ನೆನಪಿಗೆ ಊಟ ಇಟ್ಟಿದ್ವಿ. ಎಲ್ಲಾರೂ ಇರ್ತಾರ, ಅಳು ಬಂದ್ರ ಹಿಡೀತಾರ ಅಂತ ಟೀವಿಗೆ ಹಚ್ಚಿದೆ."

ನಮ್ಮ ಕಡೆ ಎಫ್‌ಐಆರ್ ಅನ್ನುವುದಕ್ಕೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಮೊರಾಲೆಸ್ ಅದನ್ನು ಮುಗಿಸಿದಳು. ಐನೂರು ಡಾಲರ್ ದಾಟಿದ ಕಳವು ಇಲಿನಾಯ್‌ನಲ್ಲಿ ಜೈಲಿಗೆ ಹೋಗಬಹುದಾದ ಅಪರಾಧ. ಈ ಕ್ಯಾಮೆರಾದ ಬೆಲೆ ಅದಕ್ಕಿಂತ ಬಹಳ ಹೆಚ್ಚು.

ಮಧ್ಯಾಹ್ನ ಇಬ್ಬರೂ ಅಧಿಕಾರಿಗಳು ಮನೆಗೆ ಹೋಗಿ ಸ್ಥಳ ಪರಿಶೀಲನೆ ಮಾಡಿದರು. ಫೋಟೊ ತೆಗೆದರು, ಬೆರಳಚ್ಚಿನ ಪುಡಿ ಹಾಕಿದರು. ಟೀವಿಯ ಕೆಳಗೆ ಕೇಬಲ್ ನೇತಾಡುತ್ತಿತ್ತು. ಪಕ್ಕದಲ್ಲೇ ಲ್ಯಾಪ್‌ಟಾಪ್ ಇತ್ತು, ದೀಪ್ತಿಯ ಪರ್ಸ್ ಇತ್ತು. ಕ್ಯಾಮೆರಾ ಬ್ಯಾಗಿನಲ್ಲಿದ್ದ ಎರಡು ದುಬಾರಿ ಲೆನ್ಸ್‌ಗಳೂ ಇದ್ದವು.

"ಇದು ಮಾರಾಟಕ್ಕೆ ಕದ್ದದ್ದಲ್ಲ," ಎಂದಳು ಮೊರಾಲೆಸ್.

ನಿರಂಜನ್‌ಗೂ ಹಾಗೇ ಅನ್ನಿಸಿತ್ತು. ಅವನು ದೀಪ್ತಿಯನ್ನು ಸೋಫಾದ ಮೇಲೆ ಕೂರಿಸಿ ಕೇಳಿದ. "ವಿಡಿಯೊ ನಿಲ್ಲಿಸಿದಾಗ ಏನು ಪ್ಲೇ ಆಗ್ತಿತ್ತು?"

"ಮೆಟ್ಲದ್ದು. ನದಿ ದಂಡಿಯಿಂದ ಮ್ಯಾಲೆ ಬರೂ ಕಲ್ಲಿನ ಮೆಟ್ಲ. ಅವ್ವಗ ದಣಿವಾಗಿ ಕುಂತ್ಳು. ನಾ ಕ್ಯಾಮೆರಾ ಚಾಲೂ ಬಿಟ್ಟು ಗ್ವಾಡಿ ಮ್ಯಾಲೆ ಇಟ್ಟು, ನೀರು ತರಾಕ ಮ್ಯಾಲಿನ ಅಂಗಡಿಗೆ ಹೋದೆ. ಬರೂದ್ರಾಗ ಒಂದು ಹುಡುಗಿ ಅವ್ವನ ಜೋಡಿ ಕುಂತು ಕನ್ನಡದಾಗ ಮಾತಾಡಾಕತ್ತಿತ್ತು. ಅಲ್ಲೇ ಟೂರಿಸ್ಟ್ ಮಂದೀನ ನಡಸ್ಕೊಂಡು ಊರು ತೋರ್ಸೂ ಗೈಡ್."

"ಏನು ಮಾತಾಡಿದ್ರು?"

"ನಿನ್ನೇನ ನಾ ಫಸ್ಟ್ ಟೈಮ್ ಕೇಳಿದ್ದು. ಅವ್ವ 'ನಿಮ್ಮಪ್ಪ ಎಲ್ಲದಾರ ಪುಟ್ಟಿ' ಅಂದ್ಳು. ಅವ್ವನ ದನಿ ಕೇಳಿ ನನಗ ತಡ್ಕೊಳ್ಳಾಕ ಆಗ್ಲಿಲ್ಲ. ಬಂದ್ ಮಾಡಿಬಿಟ್ಟೆ."

ಆಮೇಲೆ ಹೆಂಗಸರೆಲ್ಲ ಅವಳನ್ನು ಮೇಲಿನ ಕೋಣೆಗೆ ಕರೆದೊಯ್ದರು. ಗಂಡಸರು ಊಟಕ್ಕೆ ಬೇಸ್‌ಮೆಂಟಿಗೆ ಇಳಿದರು. ಆ ಹೊತ್ತು ಹಾಲ್ ಖಾಲಿಯಾಗಿತ್ತು.

ದೀಪ್ತಿಯ ಫೋನಿನಲ್ಲಿ ಆ ಮೆಟ್ಟಿಲ ಮೇಲೆ ತೆಗೆದ ಒಂದು ಚಿತ್ರವಿತ್ತು: ನಗುತ್ತಿರುವ ಕಮಲವ್ವ, ಅವರ ಪಕ್ಕದಲ್ಲಿ ಗೈಡಿನ ಗುರುತಿನ ಹಳದಿ ಛತ್ರಿ ಹಿಡಿದ, ಕೂದಲು ಗಿಡ್ಡಕ್ಕೆ ಕತ್ತರಿಸಿದ ಹುಡುಗಿ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಅಜ್ಜಿಗೆ ಏನಾದರೂ ಬೇಕಾದರೆ ಎಂದು ಆಕೆ ನಂಬರನ್ನೂ ಕೊಟ್ಟಿದ್ದಳು. ಹೆಸರು ಕೇಳಲು ಮರೆತ ದೀಪ್ತಿ 'ಪೋರ್ಟೊ ಹುಡುಗಿ' ಎಂದು ಸೇವ್ ಮಾಡಿಕೊಂಡಿದ್ದಳು. ನಿರಂಜನ್ ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಂಡ.

ಸೋಮವಾರ ಅವನು ಮನೆಬಾಗಿಲ ಕ್ಯಾಮೆರಾದ ದೃಶ್ಯಗಳನ್ನು ಈರೇಶನ ಜೊತೆ ಕೂತು ನೋಡಿದ. ಬಂದವರೆಲ್ಲ ಊಟ ಮುಗಿಸಿ ಗುಂಪುಗುಂಪಾಗಿ ಹೊರಟಿದ್ದರು. ಒಬ್ಬರು ಮಾತ್ರ ಏಳೂವರೆಗೇ ಒಂಟಿಯಾಗಿ ಹೊರಬಂದಿದ್ದರು. ಹೊರಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಏಳು ಡಿಗ್ರಿಯ ಚಳಿ. ಅವರ ಕೋಟು ಮೈಮೇಲಿರಲಿಲ್ಲ; ಎರಡೂ ಕೈಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು.

"ಇವರ್ಯಾರು?"

"ಶಶಿಧರ ಅಂಕಲ್," ಎಂದ ಈರೇಶ್. "ಎಲ್ಕ್ ಗ್ರೋವ್‌ನಾಗ ಇರ್ತಾರ. ಮೊದಲು ಡೆಟ್ರಾಯ್ಟ್ ಕಡೆ ಕಾರ್ ಕಂಪನ್ಯಾಗಿದ್ರು. ಹೆಂಡ್ತಿ ಹೋದ ಮ್ಯಾಲೆ ಮನಿ ಮಾರಿ ಈ ಕಡೆ ಬಂದ್ರು. ಮಗಳು ಬಾಸ್ಟನ್‌ನಾಗ ಡಾಕ್ಟರ್. ಅವರು ಹಂಗ ಮಾಡೂ ಮಂದಿ ಅಲ್ಲ ಬಿಡ್ರಿ."

"ಊಟ ಮಾಡದೆ ಯಾಕೆ ಹೋದ್ರು?"

ಈರೇಶ್ ಆ ದೃಶ್ಯವನ್ನು ಮತ್ತೊಮ್ಮೆ ಹಿಂದಕ್ಕೆ ಓಡಿಸಿದ. ಸತ್ತವರ ನೆನಪಿನ ಊಟವನ್ನು ಬಿಟ್ಟು ಶಶಿಧರ ಅವರಂಥ ಹಿರಿಯರು ಎದ್ದು ಹೋಗುವವರಲ್ಲ.

ಮಂಗಳವಾರ ಸಂಜೆ ಐದಕ್ಕೆ ನಿರಂಜನ್ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಶಶಿಧರ ಅವರ ಟೌನ್‌ಹೌಸಿನ ಬಾಗಿಲು ತಟ್ಟಿದ. ಶಶಿಧರ ಆಗಷ್ಟೇ ಕೆಲಸದಿಂದ ಬಂದಿದ್ದರು. ಕೊರಳಲ್ಲಿ ಕಾರ್ಖಾನೆಯ ಬ್ಯಾಡ್ಜ್ ಇತ್ತು. ಅರವತ್ತೆರಡರ ಸಪೂರ ಮನುಷ್ಯ. ಓಹೇರ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮನೆಯ ಮೇಲೆ ಹಾದು ಹೋದ ಮೇಲೆ ನಿರಂಜನ್ ತಾನು ಪೊಲೀಸ್ ಎಂದು ಕನ್ನಡದಲ್ಲೇ ಹೇಳಿಕೊಂಡ.

"ಕನ್ನಡದವರಾ? ಬನ್ನಿ. ಕಾಫಿ ಮಾಡ್ಲಾ?"

"ಬೇಡ ಅಂಕಲ್, ಥ್ಯಾಂಕ್ಸ್. ಶನಿವಾರ ಬೇಗ ಹೊರಟ್ರಿ ಅಂತ ಕೇಳ್ದೆ."

"ಹೊಟ್ಟೆ ಸರಿ ಇರ್ಲಿಲ್ಲ."

"ಕೋಟ್ ಹಾಕ್ಕೊಂಡಿರ್ಲಿಲ್ಲ ನೀವು."

"ಕಾರು ಹತ್ರಾನೇ ಇತ್ತು."

"ಕ್ಯಾಮೆರಾ ನೋಡಿದ್ರಾ?"

"ಟೀವಿ ಹತ್ರ ಇತ್ತು. ಆಮೇಲೆ ಗೊತ್ತಿಲ್ಲ."

ಗೋಡೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದಕ್ಕೆ ಹಾರ ಹಾಕಿತ್ತು, ಅದು ಹೆಂಡತಿಯದು. ಇನ್ನೊಂದರಲ್ಲಿ ಬಿಳಿ ಕೋಟು ತೊಟ್ಟ, ಉದ್ದ ಜಡೆಯ ಹುಡುಗಿ. "ನನ್ನ ಮಗಳು ಇಶಾ," ಎಂದರು ಶಶಿಧರ, ಕೇಳದಿದ್ದರೂ. "ಮೆಡಿಕಲ್ ಸ್ಕೂಲ್ ಸೇರಿದ ದಿನದ್ದು."

"ಈಗ ಯಾವ ಹಾಸ್ಪಿಟಲ್‌ನಲ್ಲಿದಾರೆ?"

"ಬಾಸ್ಟನ್. ದೊಡ್ಡ ಹಾಸ್ಪಿಟಲ್ಲು."

ಆಸ್ಪತ್ರೆಯ ಹೆಸರು ಹೇಳಲಿಲ್ಲ. ಚಿತ್ರದ ಹುಡುಗಿ ನಗುತ್ತಿದ್ದಳು. ಮುಂದಿನ ಹಲ್ಲುಗಳ ನಡುವೆ ಅದೇ ಸಂದಿ. ನಿರಂಜನ್ ಜೇಬಿನಲ್ಲಿದ್ದ ಫೋನನ್ನು ಹೊರಗೆ ತೆಗೆಯಲಿಲ್ಲ. ನಮಸ್ಕಾರ ಹೇಳಿ ಬಂದು, ಕಾರಿನಲ್ಲಿ ಕೂತ ಮೇಲೆ ನೋಡಿದ. ಜಡೆ ಇರಲಿಲ್ಲ, ಬಿಳಿ ಕೋಟು ಇರಲಿಲ್ಲ. ಮುಖ ಅದೇ.

ಅನುಮಾನ ಬಂದಿತ್ತು, ಸಾಕ್ಷ್ಯ ಇನ್ನೂ ಬೇಕಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ವೈದ್ಯರ ದಾಖಲೆಯಲ್ಲಿ ಇಶಾಳ ಹೆಸರು ಸಿಗಲಿಲ್ಲ. ಡೆಟ್ರಾಯ್ಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಶಶಿಧರ ಅವರ ಹಳೆಯ ನೆರೆಮನೆಯವರಾದ ಪವಿತ್ರ ಎಂಬವರನ್ನು ಹುಡುಕಿ ನಿರಂಜನ್ ಫೋನ್ ಮಾಡಿದ.

"ಇಶಾ ಡಾಕ್ಟರ್ ಆಗ್ಲೇ ಇಲ್ವಲ್ಲಪ್ಪ," ಎಂದರು ಪವಿತ್ರ. "ಅಮ್ಮ ಹೋದ ವರ್ಷಾನೇ ಓದು ಬಿಟ್ಲು. ಆಸ್ಪತ್ರೆ ವಾಸನೆ ಬಂದ್ರೆ ಅಮ್ಮನೇ ಕಾಣ್ತಾಳೆ ಅಂತಿದ್ಲು. ಅಪ್ಪ ಮಗಳಿಗೆ ಮನೆ ಮುಂದಿನ ಡ್ರೈವ್‌ವೇನಲ್ಲೇ ದೊಡ್ಡ ಜಗಳ. ಡಾಕ್ಟರ್ ಆಗದಿದ್ರೆ ನನಗೆ ಫೋನ್ ಮಾಡ್ಬೇಡ ಅಂದ್ರು ಅವರು. ನಮ್ಮ ಅಡಿಗೆಮನೆಗೂ ಕೇಳಿಸ್ತು. ನಾಲ್ಕು ವರ್ಷ ಆಯ್ತೇನೋ."

"ಆಮೇಲೆ?"

"ಅವಳು ಮಾಡ್ಲಿಲ್ಲ. ಯಾವ ದೇಶಕ್ಕೆ ಹೋದ್ಲು ಅಂತಾನೂ ಯಾರಿಗೂ ತಿಳೀಲಿಲ್ಲ."

ಬುಧವಾರ ಬೆಳಿಗ್ಗೆ ಜಡ್ಜ್ ಶೋಧನೆಯ ವಾರಂಟಿಗೆ ಸಹಿ ಹಾಕಿದರು. ನಿರಂಜನ್ ಮತ್ತು ಮೊರಾಲೆಸ್ ಎಲ್ಕ್ ಗ್ರೋವ್ ಠಾಣೆಗೆ ಸುದ್ದಿ ಮುಟ್ಟಿಸಿ ಹನ್ನೊಂದು ಗಂಟೆಗೆ ಅಲ್ಲಿಗೆ ತಲುಪಿದರು. ಶಶಿಧರ ಅಂದು ಕೆಲಸಕ್ಕೆ ಹೋಗಿರಲಿಲ್ಲ. ವಾರಂಟ್ ಓದಿ ಹೇಳುವುದಕ್ಕೆ ಮೊದಲೇ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕ್ಯಾಮೆರಾ ಊಟದ ಮೇಜಿನ ಮೇಲೆ ಒಂದು ಮೆತ್ತನೆಯ ಟವೆಲ್ಲಿನ ಮೇಲಿತ್ತು. ಮೊರಾಲೆಸ್ ಆರೋಪಿಯ ಹಕ್ಕುಗಳನ್ನು ಓದಿ ಹೇಳಿದಳು. ವಕೀಲರಿಲ್ಲದೆ ಮಾತಾಡಬೇಕಾಗಿಲ್ಲ ಎಂದು ನಿರಂಜನ್ ಕನ್ನಡದಲ್ಲೂ ಹೇಳಿದ. ಶಶಿಧರ ತಲೆಯಾಡಿಸಿ, ಆದರೂ ಮಾತಾಡಿದರು.

"ಏನೂ ಡಿಲೀಟ್ ಮಾಡಿಲ್ಲ ನಾನು. ಎಲ್ಲ ಹಾಗೇ ಇದೆ."

"ಯಾಕೆ ತಗೊಂಡ್ರಿ ಅಂಕಲ್? ಕೇಳಿದ್ರೆ ಅವರೇ ಕಾಪಿ ಕೊಡ್ತಿದ್ರು."

"ಏನಂತ ಕೇಳ್ಲಿ? ಅಲ್ಲಿ ಛತ್ರಿ ಹಿಡ್ಕೊಂಡು ಕೂತಿರೋಳು ನನ್ನ ಡಾಕ್ಟರ್ ಮಗಳು ಅಂತಾನಾ?" ಅವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. "ಆ ಅಜ್ಜಿ ಕೇಳಿದ್ರಲ್ಲ, ನಿಮ್ಮಪ್ಪ ಎಲ್ಲಿ ಅಂತ. ಅಲ್ಲಿಗೆ ಟೀವಿ ಆಫ್ ಆಯ್ತು. ಅವಳು ಏನಂದ್ಲು ಅಂತ ತಿಳ್ಕೋಬೇಕಿತ್ತು ನನಗೆ."

"ಏನಂದ್ರು?"

ಶಶಿಧರ ತಲೆ ಅಲ್ಲಾಡಿಸಿದರು.

"ಗೊತ್ತಿಲ್ಲ. ನಾಲ್ಕು ದಿನದಿಂದ ಆ ಪ್ರಶ್ನೆವರೆಗೂ ನೋಡ್ತೀನಿ. ಅಲ್ಲಿ ಕೈ ತಾನಾಗೇ ನಿಲ್ಲಿಸಿಬಿಡತ್ತೆ. ಅಪ್ಪ ಇಲ್ಲ ಅಂದಿದ್ರೆ?"

ಮೊರಾಲೆಸ್‌ಗೆ ಕನ್ನಡ ಬಾರದು. ಆದರೂ ಅವಳು ಕೈಕೋಳವನ್ನು ಬೆನ್ನ ಹಿಂದೆ ಹಾಕದೆ ಮುಂದೆ ಹಾಕಿದಳು. ಬಂಧನದ ಸಮಯ ೧೧:೪೦ ಎಂದು ಬರೆದುಕೊಂಡಳು.

ವಸ್ತುವನ್ನು ಗುರುತಿಸಲು ದೀಪ್ತಿಯನ್ನು ಠಾಣೆಗೆ ಕರೆಸಿದರು. ಒಳಗೆ ಬರುವಾಗ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಶಶಿಧರ ಅವರನ್ನು ಕಂಡು ಅವಳು ನಿಂತಳು.

"ನಮ್ಮವ್ವನ ನೆನಪಿನ ಊಟಕ್ಕ ಕರದ್ರ ನಮ್ಮವ್ವನ್ನೇ ಕದ್ಕೊಂಡು ಹೋದ್ರಲ್ರೀ ಅಂಕಲ್! ನಾಲ್ಕು ದಿನ ನಿದ್ದಿ ಮಾಡಿಲ್ಲ ನಾ."

ಶಶಿಧರ ಎದ್ದು ನಿಂತರು. ಎರಡೂ ಕೈ ಜೋಡಿಸಿದರು. ಅವಳು ಅವರನ್ನು ದಾಟಿ ಒಳಗೆ ಹೋದಳು.

ಅವಳಿಗೆ ವಿಷಯ ಹೇಳುವುದು ನಿರಂಜನ್‌ಗೆ ಸುಲಭವಾಗಲಿಲ್ಲ. ಚಿಕ್ಕ ವಾಕ್ಯಗಳಲ್ಲಿ, ಇಂಗ್ಲಿಷ್ ಬೆರೆಸಿ ಹೇಳಿದ. ದೀಪ್ತಿ ಫೋನಿನಲ್ಲಿದ್ದ ಆ ಚಿತ್ರವನ್ನು ತೆಗೆದು ನೋಡುತ್ತ ಕೂತಳು. ಕೊನೆಗೆ, "ಕರೀರಿ ಅವರನ್ನ," ಎಂದಳು.

"ಅದು ರೂಲ್ಸ್ ಪ್ರಕಾರ ಸರಿ ಇಲ್ಲ."

"ನಮ್ಮವ್ವ ಕೇಳಿದ್ದು ಅವರ ಬಗ್ಗೇನ ಅಲ್ರೀ? ಕರೀರಿ. ಇಲ್ಲಾಂದ್ರ ನಾನೂ ನೋಡೂದಿಲ್ಲ."

ನಿರಂಜನ್ ಮೇಲಧಿಕಾರಿಯನ್ನು ಕೇಳಿ ಬಂದ. ಮೇಜಿನ ಒಂದು ಕಡೆ ದೀಪ್ತಿ, ಇನ್ನೊಂದು ಕಡೆ ಶಶಿಧರ, ಬಾಗಿಲಲ್ಲಿ ಮೊರಾಲೆಸ್. ಪರದೆಯ ಮೇಲೆ ಬಿಸಿಲು ಬಿದ್ದ ಕಲ್ಲಿನ ಮೆಟ್ಟಿಲು, ಕೆಳಗೆ ನದಿಯ ಒಂದು ತುಣುಕು. ಕಮಲವ್ವ ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದರು.

"ನಿಮ್ಮಪ್ಪ ಎಲ್ಲದಾರ ಪುಟ್ಟಿ?"

ಶಶಿಧರ ಅವರ ಕೈ ಮೇಜಿನ ಮೇಲೆ ಮುಂದೆ ಸರಿದು ನಿಂತಿತು. ಈ ಸಲ ನಿಲ್ಲಿಸುವ ಗುಂಡಿ ಅವರ ಹತ್ತಿರ ಇರಲಿಲ್ಲ.

"ಅಮೆರಿಕಾದಲ್ಲಿ ಅಜ್ಜಿ. ಡೆಟ್ರಾಯ್ಟ್ ಹತ್ರ."

"ಮಾತಾಡ್ತೀಯಿಲ್ಲೋ?"

"ಇಲ್ಲ. ಫೋನ್ ಮಾಡ್ಬೇಡ ಅಂದಿದ್ರು."

"ಅವ ಅಂದ್ರ ನೀ ಬಿಡೂದ? ಹುಚ್ಚಿ."

ಹುಡುಗಿ ನಕ್ಕಳು. ಛತ್ರಿಯ ತುದಿಯಿಂದ ಕಲ್ಲನ್ನು ಕೆದಕಿದಳು. "ಮಾಡ್ದೆ ಅಜ್ಜಿ, ಲಾಸ್ಟ್ ಇಯರ್. ಮನೆ ನಂಬರಿಗೆ. ಆ ನಂಬರ್ ಇಲ್ಲ ಅಂತು. ಸೆಲ್ಲೂ ಚೇಂಜ್ ಆಗಿತ್ತು. ಅವ್ರಿಗೆ ಬೇಡ ಅನ್ಸತ್ತೆ."

"ಬ್ಯಾಡ ಅನ್ನೂ ಅಪ್ಪ ಯಾವ ಊರಾಗೂ ಇರೂದಿಲ್ಲ ತಗಿ. ನನ್ನ ಕೈ ಹಿಡಿ, ಏಳ್ತೀನಿ."

"ಹುಷಾರು ಅಜ್ಜಿ. ಇಲ್ಲಿ ಜಾರತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಚೌಕಟ್ಟಿನಿಂದ ಹೊರಗೆ ಹತ್ತಿ ಹೋದರು. ಮೆಟ್ಟಿಲು ಮಾತ್ರ ಉಳಿಯಿತು. ದೂರದಲ್ಲಿ ಕಮಲವ್ವನ ನಗು ಕೇಳುತ್ತಿತ್ತು. ದೀಪ್ತಿ ಕಣ್ಣು ಮುಚ್ಚಿಕೊಂಡು ಅದು ನಿಲ್ಲುವವರೆಗೂ ಕೇಳಿದಳು.

"ಮನೆ ಮಾರಿದಾಗ ಫೋನ್ ನಾನೇ ಕಟ್ ಮಾಡಿಸ್ದೆ," ಎಂದರು ಶಶಿಧರ. "ಯಾರು ಮಾಡ್ತಾರೆ ಅಂತ."

ರಿಪೋರ್ಟಿನಲ್ಲಿ ಕಾರಣದ ಕಡೆ ನಿರಂಜನ್ ಒಂದೇ ಸಾಲು ಬರೆದ: ಆರೋಪಿ ತನ್ನ ಮಗಳ ಮಾತನ್ನು ಕೇಳಲು ವಸ್ತುವನ್ನು ತೆಗೆದುಕೊಂಡಿದ್ದಾನೆ. ಕೇಸು ಕೋರ್ಟಿಗೆ ಹೋಗಲೇಬೇಕು, ಶಿಕ್ಷೆ ಎಷ್ಟು ಎಂಬುದು ತನ್ನ ಕೈಯಲ್ಲಿಲ್ಲ ಎಂದು ಅವನು ಇಬ್ಬರಿಗೂ ಹೇಳಿದ. ಬಂಧಿತರಿಗೆ ಫೋನ್ ಮಾಡುವ ಹಕ್ಕಿದೆ; ವಕೀಲರಿಗೋ ಸ್ನೇಹಿತರಿಗೋ ಮಾಡಬಹುದು ಎಂದ.

"ವಕೀಲರು ಆಮೇಲೆ," ಎಂದರು ಶಶಿಧರ. ಅವರು ದೀಪ್ತಿಯ ಕಡೆ ನೋಡಲಿಲ್ಲ, ಕೇಳಲೂ ಇಲ್ಲ. ದೀಪ್ತಿಯೇ ತನ್ನ ಫೋನ್ ತೆಗೆದು, ಅವರ ಮುಖ ನೋಡದೆ, 'ಪೋರ್ಟೊ ಹುಡುಗಿ'ಯ ನಂಬರಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದಳು. ನಿರಂಜನ್ ಠಾಣೆಯ ಫೋನಿನಲ್ಲಿ ಒತ್ತಿದ. ಬೋಲಿಂಗ್‌ಬ್ರೂಕ್‌ನಲ್ಲಿ ಎರಡು ಗಂಟೆ. ಪೋರ್ಟೊದಲ್ಲಿ ರಾತ್ರಿ ಎಂಟು. ಆರೇಳು ಸಲ ರಿಂಗಾದ ಮೇಲೆ ಪೋರ್ಚುಗೀಸಿನಲ್ಲಿ ಒಂದು ಹೆಣ್ಣು ದನಿ ಏನೋ ಹೇಳಿತು.

"ಪುಟ್ಟಾ," ಎಂದರು ಶಶಿಧರ. "ನಾನು. ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಿದೀನಿ."

ಆ ಕಡೆಯಿಂದ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ:

"ಅಪ್ಪಾ? ಏನ್ ಮಾಡಿದ್ರಿ ಅಪ್ಪಾ?"